ಹಳೇ ವಿಂಡೋಸ್ ಬದಲಿಸುವ ಮುನ್ನ

ಪ್ರಿಂಟಿಂಗ್ ಪ್ರೆಸ್, ಡಿಟಿಪಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ‘ಹನ್ನೊಂದು ಹಾಕಿಸೋದಾ, ಬೇಡವಾ?’ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು.

1. ಮೊದಲು ಹಳೆಯ ಫೈಲುಗಳನ್ನು ನೋಡಿ. ಲಗ್ನಪತ್ರಿಕೆ, ಕರಪತ್ರ ಮಾಡುವವರ ಹತ್ತಿರ ಪೇಜ್‌ಮೇಕರ್ ಫೈಲುಗಳ ರಾಶಿಯೇ ಇರುತ್ತದೆ. ಆ ತಂತ್ರಾಂಶದ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಒಳಗಿರುವ ಕನ್ನಡವೋ ಯುನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ಫಾಂಟುಗಳದ್ದು. ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕೆಲವು ಹಳೆಯ ತಂತ್ರಾಂಶಗಳಿಗೆ ಹಾರ್ಡ್‌ವೇರ್ ಲಾಕ್ ಬೇರೆ ಬೇಕು. ಅದರ ಡ್ರೈವರ್ ಹೊಸ ವಿಂಡೋಸ್‌ಗೆ ಸಿಗದಿದ್ದರೆ ತಂತ್ರಾಂಶ ತೆರೆಯುವುದೇ ಇಲ್ಲ. ಹಾಗಾಗಿ ಫೈಲು, ಫಾಂಟುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ವಿಂಡೋಸ್ 11 ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ತೆಗೆಯಿರಿ. ಒತ್ತಕ್ಷರ ಜಾಗ ಬಿಟ್ಟು ಜಾರಿದ್ದರೆ ಅಪ್‌ಗ್ರೇಡ್ ಸದ್ಯಕ್ಕೆ ಬೇಡ.

2. ‘ಈ ಕಂಪ್ಯೂಟರಿಗೆ ಆಗುವುದಿಲ್ಲ’ ಎಂಬ ಸಂದೇಶ ಬಂದ ಕೂಡಲೇ ಹೊಸದು ಕೊಳ್ಳಲು ಹೋಗಬೇಡಿ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಎಷ್ಟೋ ಬೋರ್ಡುಗಳಲ್ಲಿ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡೇ ಬಯಾಸ್ ಮುಟ್ಟಿ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳು ಬಹುತೇಕ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅವಕ್ಕೆ ಅಡ್ಡದಾರಿಯಲ್ಲಿ ಹನ್ನೊಂದನ್ನು ಹಾಕಬಹುದು, ಆದರೆ ಮುಂದಿನ ಅಪ್‌ಡೇಟುಗಳ ಖಾತರಿ ಇರುವುದಿಲ್ಲ. ಗಿರಾಕಿಗಳ ಹೊಟ್ಟೆಪಾಡಿನ ಕಂಪ್ಯೂಟರಿಗೆ ನಾನು ಆ ಕೆಲಸ ಮಾಡಿಕೊಡುವುದಿಲ್ಲ.

3. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. 32-ಬಿಟ್ ವಿಂಡೋಸ್‌ನಲ್ಲಿ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ ಇನ್ನೂ ಬಳಸುತ್ತಿದ್ದರೆ ಹನ್ನೊಂದರಲ್ಲಿ ಅದು ನೇರವಾಗಿ ಓಡದು.

4. ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ಇಂಟರ್ನೆಟ್ ತೆಗೆದುಬಿಡಿ. ಡಿಟಿಪಿ ಅಂಗಡಿಗೆ ಅಷ್ಟೇ ಸಾಲದು, ಗಿರಾಕಿಗಳ ಪೆನ್‌ಡ್ರೈವ್ ದಿನವೂ ಬರುತ್ತಲೇ ಇರುತ್ತದೆ. ಅದನ್ನು ಅಪ್‌ಡೇಟ್ ಆಗಿರುವ ಬೇರೆ ಕಂಪ್ಯೂಟರಿನಲ್ಲಿ ಮೊದಲು ಸ್ಕ್ಯಾನ್ ಮಾಡಿ. ಬ್ಯಾಂಕ್, ಜಿಎಸ್‌ಟಿ ಕೆಲಸ ಹಳೆಯದರಲ್ಲಿ ಬೇಡವೇ ಬೇಡ. 2017ರ ಮೇ ತಿಂಗಳಲ್ಲಿ ಎಷ್ಟೋ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿದ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಪ್‌ಡೇಟೇ ಬಾರದ ಕಂಪ್ಯೂಟರಿಗೆ ಆ ಅವಕಾಶವೂ ಇಲ್ಲ.

5. ಮದುವೆ ಸೀಸನ್ನಿನಲ್ಲಿ ಅಪ್‌ಗ್ರೇಡ್ ಮಾಡಿಸಬೇಡಿ. ಸಾಮಾನ್ಯವಾಗಿ 10 ದಿನದೊಳಗೆ ಹಿಂದಿನ ವಿಂಡೋಸ್‌ಗೆ ಮರಳಬಹುದು. ಪ್ರಿಂಟರ್, ಸ್ಕ್ಯಾನರ್, ಫಾಂಟು ಎಲ್ಲವನ್ನೂ ಆ ಹತ್ತು ದಿನದಲ್ಲೇ ದುಡಿಸಿ ನೋಡಿ; ಅಲ್ಲಿಯವರೆಗೆ ಜಾಗ ಸಾಲದೆಂದು ವಿಂಡೋಸ್.ಓಲ್ಡ್ ಫೋಲ್ಡರನ್ನು ಅಳಿಸಬೇಡಿ.