ಹಿರಿಯರನ್ನು ಕೇಳಿ ನೋಡಿದ್ದೇವೆಯೇ?

ಹಿಜರಿ 8ನೆಯ ವರ್ಷ ಮಕ್ಕಾ ವಿಜಯವಾದಾಗ ಹಝ್ರತ್ ಅಬೂಬಕರ್(ರ) ತಮ್ಮ ತಂದೆ ಅಬೂ ಕುಹಾಫರನ್ನು ಪ್ರವಾದಿವರ್ಯರ(ಸ) ಬಳಿಗೆ ಕರೆತಂದರು. ತಂದೆ ತೀರಾ ವೃದ್ಧರು, ಕಣ್ಣು ಕಾಣುತ್ತಿರಲಿಲ್ಲ. ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಈ ಹಿರಿಯರನ್ನು ಮನೆಯಲ್ಲೇ ಇರಗೊಟ್ಟಿದ್ದರೆ ನಾನೇ ಅಲ್ಲಿಗೆ ಬರುತ್ತಿದ್ದೆನಲ್ಲ ಎಂಬ ಅರ್ಥದ ಮಾತನ್ನು ಪ್ರವಾದಿವರ್ಯರು(ಸ) ಆಡಿದರೆಂದು ಚರಿತ್ರೆಯಲ್ಲಿದೆ. ಗೆದ್ದ ಪಟ್ಟಣದ ನಾಯಕರು ಒಬ್ಬ ಕುರುಡು ವೃದ್ಧರ ಮನೆಬಾಗಿಲಿಗೆ ಹೋಗಲು ಸಿದ್ಧರಿದ್ದರು!

ಈ ಘಟನೆಯನ್ನು ಪ್ರವಚನಗಳಲ್ಲಿ ಕೇಳಿ ನಾವು ತಲೆದೂಗುತ್ತೇವೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಅಸರ್ ನಮಾಝಿನ ನಂತರ ಮಸೀದಿಯಲ್ಲೇ ಕುಳಿತುಬಿಡುವ ಹಿರಿಯರ ಪಕ್ಕ ಐದು ನಿಮಿಷ ಕುಳಿತು, ನಿಮ್ಮ ಮನಸ್ಸಿಗೆ ಯಾವುದರಿಂದ ನೋವಾಗುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಕೇಳಿದರೆ ಊಟ, ಔಷಧಿಯ ದೂರು ಬರುವುದು ಕಡಿಮೆ. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ಬಿಸಿನೀರಿನಲ್ಲಿ ರೇಷ್ಮೆಗೂಡು ಅದ್ದಿ ನೂಲು ಬಿಚ್ಚಿ ಮನೆ ನಡೆಸಿದವರು ಅವರು. ಅವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ವೈದ್ಯರು ಮಗನ ಮುಖ ನೋಡಿ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ, ಮಗನೇ ಉತ್ತರ ಕೊಡುತ್ತಾನೆ. ನೋವು ತಂದೆಯದು, ಕಿವಿಯೂ ಚೆನ್ನಾಗಿಯೇ ಕೇಳಿಸುತ್ತದೆ. ಹೊರಗೆ ಬಂದು ಏನಂದರು ಎಂದು ಕೇಳಿದರೆ ‘ನಿಮಗೇಕೆ ಅಬ್ಬಾ ಅದೆಲ್ಲ’ ಎಂಬ ಉತ್ತರ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದೂ ಅವರಿಗಿಂತ ಮುಂಚೆ ಬಂಧುಬಳಗಕ್ಕೆಲ್ಲ ತಿಳಿದಿರುತ್ತದೆ.

ಹಾಸಿಗೆ ಹಿಡಿದ ತಾಯಂದಿರ ಅಳಲು ಬೇರೆ. ಅದನ್ನು ಅವರು ಮಗಳ ಕಿವಿಯಲ್ಲಷ್ಟೇ ಹೇಳುತ್ತಾರೆ. ವಾರ್ಡಿನಲ್ಲಿ ಪರದೆ ಎಳೆಯದೆ ಬಟ್ಟೆ ಸರಿಸಿದ್ದು, ಎರಡು ಸಲ ಕರೆದರೂ ಯಾರೂ ಬಾರದೆ ಹಾಸಿಗೆ ಒದ್ದೆಯಾದದ್ದು, ಅದಕ್ಕಾಗಿ ಮೊಮ್ಮಕ್ಕಳ ಮುಂದೆ ಗದರಿಸಿದ್ದು. ಚಿಕಿತ್ಸೆಗೆ ಅನಿವಾರ್ಯವಾದಷ್ಟು ದೇಹಭಾಗವನ್ನು ತೋರಿಸಲು ಶರೀಅತ್ ಅನುಮತಿಸುತ್ತದೆ, ಅಷ್ಟನ್ನು ಮಾತ್ರ. ವಯಸ್ಸಾದ ಮಾತ್ರಕ್ಕೆ ಲಜ್ಜೆ ಸತ್ತುಹೋಗುವುದಿಲ್ಲ. ಒಂದು ಚಾದರ ಹೊದಿಸಿ, ‘ಅಮ್ಮಾ, ಈಗ ಬಟ್ಟೆ ಬದಲಿಸಲೇ?’ ಎಂದು ಕೇಳಲು ಖರ್ಚೇನಿದೆ?

ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23 ಮತ್ತು 24ನೆಯ ಸೂಕ್ತಗಳನ್ನು ಗಮನವಿಟ್ಟು ಓದಿರಿ. ವೃದ್ಧಾಪ್ಯಕ್ಕೆ ತಲುಪಿದ ಮಾತಾಪಿತರ ವಿಷಯದಲ್ಲಿ ಅಲ್ಲಿ ಅನ್ನ ಬಟ್ಟೆಯ ಪ್ರಸ್ತಾಪವಿಲ್ಲ. ಬೇಸರದ ಒಂದು ಉದ್ಗಾರವೂ ಬಾಯಿಂದ ಹೊರಡಕೂಡದು, ಗದರಕೂಡದು, ಗೌರವದಿಂದ ಮಾತನಾಡಬೇಕು ಎಂಬ ಆದೇಶವಿದೆ. ನಂತರ ವಿನಯ, ಪ್ರಾರ್ಥನೆ. ಮೊದಲು ಹತೋಟಿಗೆ ಬರಬೇಕಾದದ್ದು ನಾಲಿಗೆ. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಈ ಸೂಕ್ತವನ್ನು ಓದುವವನು ಮಗ, ಸೇವೆ ಮಾಡುವವಳು ಸೊಸೆ. ಆದೇಶ ಬಂದಿರುವುದು ಮಕ್ಕಳಿಗೆ.

ದೇಶದ ಕಾನೂನೂ ಹಿರಿಯರನ್ನು ಕೈಬಿಟ್ಟಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ ಪೋಷಕರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಕೊಟ್ಟ ಆಸ್ತಿಯನ್ನು, ಮಾತು ತಪ್ಪಿದರೆ, ರದ್ದುಪಡಿಸಲು ಅವಕಾಶವಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸರತಿಸಾಲು ಇರಬೇಕೆಂದೂ ಅದು ಹೇಳುತ್ತದೆ. ಆ ಸಾಲು ಎಲ್ಲಿದೆ ಎಂದು ಕೇಳುವ ಧೈರ್ಯ ಜೊತೆಗೆ ಹೋದ ನಮಗಿರಬೇಕು. ಆದರೆ ಕಾಯ್ದೆ ಜೀವನಾಂಶವೆಂದು ಎಣಿಸಿರುವುದು ಆಹಾರ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು. ತಂದೆಯೊಡನೆ ಮಾತನಾಡು ಎಂದು ಯಾವ ಅಧಿಕಾರಿ ಆಜ್ಞೆ ಹೊರಡಿಸಿಯಾನು?

ಸಮಾಜಕ್ಕೂ ಹೊಣೆಯಿದೆ. ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬರನ್ನು ಕಂಡ ಖಲೀಫ ಉಮರ್(ರ), ಯೌವನದಲ್ಲಿ ಇವರಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಬೈತುಲ್‌ಮಾಲ್‌ನಿಂದ ನೆರವು ಕೊಡಿಸಿದ ವಿವರ ಇಮಾಮ್ ಅಬೂ ಯೂಸುಫ್‌ರ ಕಿತಾಬುಲ್ ಖರಾಜ್‌ನಲ್ಲಿದೆ. ನಮ್ಮ ನೂಲು ಬಿಚ್ಚುವ ಘಟಕಗಳಲ್ಲಿ ಕೂಲಿಗೆ ದುಡಿದು ಮುದುಕರಾದವರನ್ನು ಮಾಲೀಕರು ಒಮ್ಮೆ ನೆನೆಯಲಿ.

ಹಾಸಿಗೆಯಲ್ಲಿರುವ ಅನೇಕ ಹಿರಿಯರ ದೊಡ್ಡ ಚಿಂತೆ ರೋಗವಲ್ಲ, ಬಟ್ಟೆ ಪಾಕ್ ಇಲ್ಲದೆ ನಮಾಝ್ ತಪ್ಪುತ್ತಿದೆ ಎಂಬುದು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ), ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಹೇಳಿದ್ದು ಬುಖಾರಿಯಲ್ಲಿದೆ. ನೀರು ಮುಟ್ಟಿದರೆ ರೋಗ ಹೆಚ್ಚುವುದಾದರೆ ತಯಮ್ಮುಮ್ ಸಾಕು. ಶುದ್ಧವಾದ ಮಣ್ಣನ್ನು ಒಂದು ತಟ್ಟೆಯಲ್ಲಿ ಹಾಕಿ ಅವರ ಕೈಗೆಟುಕುವಲ್ಲಿ ಇಡಬಹುದು. ಮಂಚವನ್ನು ಕಿಬ್ಲಾದ ಕಡೆಗೆ ತಿರುಗಿಸಲು ಇಬ್ಬರು ಮೊಮ್ಮಕ್ಕಳು ಸಾಕು.