ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡವರ ಆರೋಗ್ಯಪಾಲನೆ: ಸದಸ್ಯರ ತಿಳಿವಳಿಕೆಗಾಗಿ

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ದೇಹದ ಶಾಖ, ಹೃದಯ ಬಡಿತ ಹಾಗೂ ಶಕ್ತಿಯ ಬಳಕೆಯನ್ನು ನಿಯಂತ್ರಿಸುವ ಹಾರ್ಮೋನನ್ನು ಸ್ರವಿಸುತ್ತದೆ. ಕೆಲವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚಾಗಿ, ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಈ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ಹಾರ್ಮೋನು ಅತಿಯಾಗುತ್ತದೆ. ಹಾಶಿಮೊಟೊ ಕಾಯಿಲೆಯಲ್ಲಿ ಗ್ರಂಥಿ ಕ್ರಮೇಣ ಸೊರಗುತ್ತದೆ. ಔಷಧಕ್ಕೆ ಬಗ್ಗದಿದ್ದಾಗ, ಗಂಟು ಬೆಳೆದು ಉಸಿರಿಗೆ ಅಡ್ಡಿಯಾದಾಗ ಅಥವಾ ಕ್ಯಾನ್ಸರಿನ ಶಂಕೆಯಿದ್ದಾಗ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗುತ್ತದೆ.

"ಗಂಟು ತೆಗೆಸಿಯಾಯಿತು, ಇನ್ನು ಮಾತ್ರೆ ಏಕೆ?" ಎಂಬ ಮಾತಿನಲ್ಲಿಯೇ ಅಪಾಯವಿದೆ. ಪೂರ್ಣ ಗ್ರಂಥಿ ತೆಗೆದ ದೇಹವು ಹಾರ್ಮೋನನ್ನು ತಾನಾಗಿ ತಯಾರಿಸಲಾರದು; ಅಯೋಡಿನ್‌ಯುಕ್ತ ಉಪ್ಪು ಅದಕ್ಕೆ ಪರ್ಯಾಯವಲ್ಲ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಖರ್ ತಾವು ಗ್ರಂಥಿ ತೆಗೆದಿದ್ದ ರೋಗಿಗಳನ್ನು ಮರಳಿ ಕರೆಸಿ ಪರೀಕ್ಷಿಸಿದಾಗ, ಹಲವರು ಮುಖ ಊದಿ, ನಡೆನುಡಿ ನಿಧಾನಗೊಂಡು, ಮಂಕಾಗಿದ್ದುದನ್ನು ಕಂಡು 1883ರಲ್ಲಿ ವರದಿ ಮಾಡಿದರು. ಅಂದು ಮಾತ್ರೆ ಇರಲಿಲ್ಲ. ಇಂದು ಲೆವೊಥೈರಾಕ್ಸಿನ್ ಇದೆ. ಅದನ್ನು ಜೀವನಪರ್ಯಂತ ಸೇವಿಸಬೇಕು.

ಈ ಔಷಧ ರಕ್ತದಲ್ಲಿ ಅರ್ಧದಷ್ಟು ಇಳಿಯಲು ಸುಮಾರು 7 ದಿನ ಬೇಕು. ಆದ್ದರಿಂದ ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಏನೂ ತಿಳಿಯದು. "ಬಿಟ್ಟರೂ ಚೆನ್ನಾಗಿದ್ದೇನೆ" ಎಂಬ ಭ್ರಮೆ ಹುಟ್ಟುತ್ತದೆ. ವಾರಗಳು ಕಳೆದಂತೆ ಆಯಾಸ, ಚಳಿ, ಮಲಬದ್ಧತೆ, ಮರೆವು, ಕೂದಲುದುರುವಿಕೆ ಕಾಣಿಸುತ್ತವೆ. ಅಷ್ಟರಲ್ಲಿ ಮನೆಯವರು ಆಕೆಯನ್ನು ಮೈಗಳ್ಳಿ ಎಂದು ಕರೆದಾಗಿರುತ್ತದೆ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿ, ಚಹಾ, ಉಪಾಹಾರಕ್ಕೆ ಮುನ್ನ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದರ ಹೀರಿಕೆಯನ್ನು ತಡೆಯುವುದರಿಂದ ನಡುವೆ 4 ಗಂಟೆಗಳ ಅಂತರವಿರಬೇಕು. ಗರ್ಭಿಣಿಯರ ವಿಷಯದಲ್ಲಿ ಇದು ಅತಿ ಮುಖ್ಯ, ಏಕೆಂದರೆ ಅವರಿಗೆ ನಾವೇ ಈ ಎರಡೂ ಮಾತ್ರೆಗಳನ್ನು ವಿತರಿಸುತ್ತೇವೆ. ಗರ್ಭ ನಿಂತ ಮೊದಲ ವಾರಗಳಲ್ಲಿಯೇ ಲೆವೊಥೈರಾಕ್ಸಿನ್ ಅಗತ್ಯ ಹೆಚ್ಚುತ್ತದೆ. ಶಿಶುವಿನ ಮೆದುಳಿನ ಬೆಳವಣಿಗೆ ಆಗ ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಗರ್ಭ ಖಚಿತವಾದ ಕೂಡಲೇ ವೈದ್ಯರನ್ನು ಕಾಣುವಂತೆ ತಿಳಿಸಬೇಕು.

ಗ್ರಂಥಿ ಹೋದರೂ ರೋಗನಿರೋಧಕ ವ್ಯವಸ್ಥೆಯ ದೋಷ ಉಳಿಯಬಹುದು. ಗ್ರೇವ್ಸ್ ಕಾಯಿಲೆಯವರ ಕಣ್ಣಿನ ಊತ ಶಸ್ತ್ರಚಿಕಿತ್ಸೆಯ ನಂತರವೂ ಮುಂದುವರಿಯಬಹುದು. ಧೂಮಪಾನ ಅದನ್ನು ಉಲ್ಬಣಗೊಳಿಸುತ್ತದೆ. ಹಿಂದೆ ಈ ಕಾಯಿಲೆಯಿತ್ತೆಂಬುದನ್ನು ಗರ್ಭಿಣಿಯು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಪ್ರತಿಕಾಯಗಳು ಶಿಶುವಿಗೂ ತಲುಪಬಲ್ಲವು.

ಬಾಯಿಯ ಸುತ್ತ ಅಥವಾ ಬೆರಳುಗಳಲ್ಲಿ ಜುಮುಗುಡುವಿಕೆ, ಸ್ನಾಯು ಸೆಳೆತ ಕಂಡರೆ ಅದು ಕ್ಯಾಲ್ಸಿಯಂ ಇಳಿದುದರ ಸೂಚನೆಯಾಗಿರಬಹುದು. ಅಂದೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.

ಪ್ರಮಾಣ ಬದಲಾದ 6ರಿಂದ 8 ವಾರಗಳಲ್ಲಿ, ಸ್ಥಿರವಾದ ಮೇಲೆ 6ರಿಂದ 12 ತಿಂಗಳಿಗೊಮ್ಮೆ ಟಿ.ಎಸ್.ಎಚ್. ರಕ್ತಪರೀಕ್ಷೆ ಅಗತ್ಯ. ಮಾತ್ರೆ ಮುಗಿದು ಕೊಳ್ಳಲಾಗದೆ ನಿಲ್ಲಿಸಿದವರು ವಾರ್ಡಿನಲ್ಲಿದ್ದಾರೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕ ತಿಳಿದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಗಮನಕ್ಕೆ ತರಬಹುದು. ಆದರೆ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದಕೂಡದು. ಕತ್ತಿನ ಗಾಯದ ಗುರುತನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುವ, ಮದುವೆಯ ಮಾತುಕತೆ ನಡೆಯುತ್ತಿರುವ ಹೆಣ್ಣುಮಗಳು ಅದೇ ಸಭೆಯಲ್ಲಿ ಕುಳಿತಿರಬಹುದು.