ಇಂದಿನ ಧಮ್ಮ ಚಿಂತನೆ: ಬಡಾಯಿ, ಸೊಕ್ಕು, ಸ್ವಾಭಿಮಾನ





ಹೊಗಳಿಕೊಳ್ಳುವವರನ್ನು ಕುರಿತು ನಮ್ಮ ಕಡೆ ಪದಗಳಿಗೆ ಬರವಿಲ್ಲ. ಬಡಾಯಿ, ಜಂಬ, ಡೌಲು, ದಿಮಾಕು, ಸೊಕ್ಕು. ಆದರೆ ಎಲ್ಲ ಪದವನ್ನೂ ಎಲ್ಲರಿಗೂ ಬಳಸುವುದಿಲ್ಲ.

*ಬಡಾಯಿ* ಹಿಂದಿ-ಉರ್ದುವಿನಿಂದ ಬಂದ ಪದ. ಅಲ್ಲಿ ಇನ್ನೊಬ್ಬರನ್ನು ಹೊಗಳಿದರೂ ಬಡಾಯಿಯೇ. ಕನ್ನಡದಲ್ಲಿ ತನ್ನನ್ನು ತಾನೇ ಹೊಗಳಿಕೊಂಡರೆ ಮಾತ್ರ. ಬಡಾಯಿ ಕೊಚ್ಚುವವರನ್ನು ಕಂಡು ಜನ ನಕ್ಕು ಸುಮ್ಮನಾಗುತ್ತಾರೆ.

*ಸೊಕ್ಕು* ಹಳಗನ್ನಡದ ‘ಸೊರ್ಕು’. ಅಮಲು, ಮದ ಎಂದರ್ಥ. ಇದು ಹೆಚ್ಚಾಗಿ ಮೇಲಿನವರು ಕೆಳಗಿನವರಿಗೆ ಅನ್ನುವ ಮಾತು. ಊರಗೌಡ ಮೀಸೆ ತಿರುವಿದರೆ ಗತ್ತು, ನಮ್ಮ ಹುಡುಗ ಇಸ್ತ್ರಿ ಅಂಗಿ ಹಾಕಿದರೆ ಸೊಕ್ಕು! 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಅದನ್ನು ಸಹಿಸದವರು ನಮ್ಮವರ ಮೇಲೆ ಹಲ್ಲೆ ಮಾಡಿದರು. ಅವರಿಗೆ ಸೊಕ್ಕಾಗಿ ಕಂಡದ್ದು ನಮಗೆ *ಸ್ವಾಭಿಮಾನ*.

ಹಾಗಾದರೆ ನಮ್ಮಲ್ಲಿ ಬಡಾಯಿ ಇಲ್ಲವೇ? ಕಳೆದ ಭಾನುವಾರ ಕಲಬುರಗಿಯಿಂದ ಕಮಲಾಪುರಕ್ಕೆ, ದೊಡ್ಡವ್ವನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಇನ್ನೂ ದೇವರ ಫೋಟೋಗಳಿದ್ದವು. “ನಮ್ಮ ಮನ್ಯಾಗ ಇವೆಲ್ಲಾ ತೆಗೆದು ಇಪ್ಪತ್ತು ವರ್ಷಾತು. ನೀವು ಇನ್ನಾ ಅಲ್ಲೇ ಅದೀರಿ” ಅಂದೆ. ದೊಡ್ಡವ್ವ ಚಹಾ ಕೊಟ್ಟು ಕೇಳಿದಳು: “ಖರೇ ಅದ ತಮ್ಮಾ. ಆದ್ರ ನನ್ನ ಸಣ್ಣಾಕಿ ಮಾಡೇ ನೀ ದೊಡ್ಡಾಂವ ಆಗ್ಬೇಕೇನು?”

ನನ್ನ ಬಳಿ ಉತ್ತರವಿರಲಿಲ್ಲ.

ಪಾಳಿಯಲ್ಲಿ ಇದಕ್ಕೆ ಜೋಡಿ ಪದಗಳಿವೆ. *ಅತ್ತುಕ್ಕಂಸನ* ಎಂದರೆ ತನ್ನನ್ನು ಏರಿಸಿಕೊಳ್ಳುವುದು, *ಪರವಂಭನ* ಎಂದರೆ ಪರರನ್ನು ಇಳಿಸುವುದು. ಕುಲದಿಂದ ಮಾತ್ರವಲ್ಲ, ಕಲಿಕೆಯಿಂದ, ಧಮ್ಮಬೋಧನೆಯಿಂದ, ಧ್ಯಾನದಿಂದಲೂ ಈ ದೋಷ ಹುಟ್ಟುತ್ತದೆಂದು ಭಗವಾನ್ ಬುದ್ಧರು ಮಜ್ಝಿಮ ನಿಕಾಯದ ಸಪ್ಪುರಿಸ ಸುತ್ತದಲ್ಲಿ ಎಚ್ಚರಿಸಿದ್ದಾರೆ.

ನಮ್ಮ ಜಿಲ್ಲೆಯ ಸನ್ನತಿಯಲ್ಲಿ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು ಸಿಕ್ಕವು. ಅದರಲ್ಲಿ 12ನೆಯ ಶಿಲಾಶಾಸನವೂ ಇದೆ. ಅದರ ಸಾರ ಇಷ್ಟು: ಮಾತಿಗೆ ಸಂಯಮವಿರಲಿ. ತನ್ನ ಪಂಥವನ್ನು ಹೆಚ್ಚಿಸಲು ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ.

ಇದರರ್ಥ 22 ಪ್ರತಿಜ್ಞೆಗಳನ್ನು ಸಡಿಲಿಸಬೇಕೆಂದಲ್ಲ. ಅವು ನಾವು ನಡೆಯಲು ಇರುವ ದಾರಿ. ದೊಡ್ಡವ್ವನಂಥವರು ಆ ದಾರಿಗೆ ಬರಬೇಕಾದರೆ, ನಮ್ಮ ಮಾತು ಅವರನ್ನು ಬಾಗಿಲಲ್ಲೇ ತಡೆಯಬಾರದು.

*ಇಂದಿನ ಅಭ್ಯಾಸ:* ನಮ್ಮ ಬಗ್ಗೆ ಹೇಳಿಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಾನು ಎತ್ತರ ಕಾಣಲು ಇನ್ನೊಬ್ಬರು ಕುಗ್ಗಬೇಕೇ? ಹೌದಾದರೆ ಅದು ಬಡಾಯಿ. ಯಾರನ್ನೂ ಕುಗ್ಗಿಸದೆ ನೆಟ್ಟಗೆ ನಿಂತರೆ ಅದು ಸ್ವಾಭಿಮಾನ.

ದೊಡ್ಡವ್ವನಿಗೆ ಇವತ್ತು ಫೋನ್ ಮಾಡುತ್ತೇನೆ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏